ಎಡಕ್ಕೆ ಜಾರುವ ಜೀನು

ಮೊನ್ನೆ ಹಾಸನದಲ್ಲಿ ನಮ್ಮ ಪಕ್ಕದ ಮನೆಯವರು ಹುರಳಿ ಬೇಯಿಸುತ್ತಿದ್ದರು. ಬೇರೆಯವರಿಗೆ ಆ ವಾಸನೆ ಬಂದರೆ ಬಿಸಿ ಮುದ್ದೆ, ಬಸ್ಸಾರು ನೆನಪಾಗುತ್ತದೆ. ನನಗೆ ಮಾತ್ರ ಒಂದು ಬೂದು ಬಣ್ಣದ ಹೆಣ್ಣುಕುದುರೆ ಬಕೆಟ್ಟಿನೊಳಕ್ಕೆ ಮೂತಿ ಇಟ್ಟು ಬೆಂದ ಹುರಳಿ ತಿನ್ನುತ್ತಿದ್ದದ್ದು ನೆನಪಾಯಿತು. ಅದರ ಹಿಂದೆಯೇ ಒದ್ದೆ ಚರ್ಮದ ನಾತ, ತೊಡೆಯ ಒಳಗಿನ ಉರಿ, ಕೆಸರಿನ ರುಚಿ ಎಲ್ಲವೂ ಸಾಲಾಗಿ ಬಂದವು. ಒಲೆ ಮೇಲೆ ಹಾಲಿಟ್ಟದ್ದು ಮರೆತೇಹೋಗಿ ಅರ್ಧ ಉಕ್ಕಿಹೋಯಿತು.

ನಾನು ಕುದುರೆ ಸವಾರಿ ಮಾಡಿದವಳು ಅಂದರೆ ಈಗಿನ ಹುಡುಗಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಗುತ್ತಾರೆ. ನಗಲಿ. ಆಗ ಕೂಡ ಜನ ನಕ್ಕಿದ್ದರು, ಅದು ನನಗೆ ಹೊಸದೇನಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ. ದಿಣ್ಣೆ ಬಂದರೆ ನಾವೇ ಇಳಿದು ತಳ್ಳಬೇಕಿತ್ತು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಗಂಡ ಚಳಿಜ್ವರದಲ್ಲಿ ತೀರಿಹೋಗಿದ್ದರು. ಕೊರವಂಗಲದಲ್ಲಿ ನಮ್ಮಪ್ಪ ಹಟ ಹಿಡಿದು ಓದಿಸಿದ್ದ ನಾಲ್ಕಕ್ಷರ ಆಗ ಕೈ ಹಿಡಿಯಿತು. ಹಾಸನದಲ್ಲಿ ಹೆರಿಗೆ ಕೆಲಸ ಕಲಿತೆ. ಅರಕಲಗೂಡಿನಿಂದ ಒಳಕ್ಕೆ, ಹೇಮಾವತಿ ಕಡೆಗಿರುವ ಒಂದು ಹಳ್ಳಿಯ ಔಷಧಾಲಯಕ್ಕೆ ಮಿಡ್‌ವೈಫ್ ಅಂತ ಹಾಕಿದರು. ಊರಿನ ಹೆಸರು ಬೇಡ. ನಾನು ಬಿದ್ದದ್ದನ್ನು ಕಂಡವರು ಅಲ್ಲಿ ಇನ್ನೂ ಇದ್ದಾರೆ.

ಕೆಲಸವೇನೋ ಸಿಕ್ಕಿತು, ಆದರೆ ಅದು ಹಂಗಾಮಿ. ಮಗಳು ಜಯಿ ಹೊಳೆನರಸೀಪುರದಲ್ಲಿ ಅತ್ತೆ ಮಾವನ ಹತ್ತಿರ. ನಮ್ಮ ಮಾವ ಕೆಟ್ಟವರಲ್ಲ, ಆದರೆ ಮಾತು ಅಂದರೆ ಮಾತು. "ಕೆಲ್ಸ ಕಾಯಂ ಆಗ್ಲಿ, ಇರಾಕೊಂದು ಮನೆ ಕೊಡ್ಲಿ, ಬಂದು ಕರ್ಕೊಂಡೋಗವ್ವ. ಅಲ್ಲೀಗಂಟ ಮಗು ಇಲ್ಲೇ ಇರ್ಲಿ. ನೀನು ಊರೂರು ಅಲೀತೀಯ, ನಿನ್ನ ಹಿಂದೆ ಅದ್ಯಾಕೆ ಅಲೀಬೇಕು?" ಅಂದಿದ್ದರು. ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಜಗಳ ಆಡುವುದಕ್ಕೂ ಆಗುವುದಿಲ್ಲ, ಸುಮ್ಮನೆ ಹೊಟ್ಟೆ ಉರಿಯುತ್ತದೆ.

ನನಗಿಂತ ಮುಂಚೆ ಅಲ್ಲಿದ್ದ ಮಿಡ್‌ವೈಫು ಒಂದು ಮಳೆಗಾಲದಲ್ಲಿ ಹಳ್ಳಿಗಳಿಗೆ ಹೋಗಲಾಗದೆ ವಾಪಸ್ಸಾಗಿದ್ದಳು. ನನ್ನನ್ನು ಕಳಿಸುವಾಗ ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಮಳೆ ಮುಗಿದ ಮೇಲೆ ನಾನೇ ಬಂದು ನೋಡ್ತೀನಿ. ಹಳ್ಳಿಗಳಿಗೆ ಹೋಗ್ತಿದ್ದರೆ ಕಾಯಂ, ಮನೆಯೂ ಕೊಡಿಸ್ತೀನಿ. ಇಲ್ಲದಿದ್ದರೆ ಹಾಸನದ ವಾರ್ಡಿಗೆ ಬಂದುಬಿಡಿ." ವಾರ್ಡಿನ ಹೆಂಗಸರಿಗೆ ಕೊಡುತ್ತಿದ್ದ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅಂದರೆ ಹಳ್ಳಿಗೆ ಹೋದರೆ ಮಗಳು, ಹೋಗದಿದ್ದರೆ ಇಲ್ಲ.

ಮಳೆ ಹಿಡಿದ ಮೇಲೆ ಹೋಗುವುದು ಹೇಗೆ? ಗಾಡಿ ಹೂತುಕೊಳ್ಳುತ್ತಿತ್ತು. ನಡೆದುಕೊಂಡು ಹೋದರೆ ನಾನು ತಲುಪುವ ಹೊತ್ತಿಗೆ ಕೂಸಿಗೆ ಸ್ನಾನವೂ ಆಗಿರುತ್ತಿತ್ತು, ಇಲ್ಲವೇ ಸಾವಿನ ಮನೆಯ ಅಳು ಕೇಳುತ್ತಿತ್ತು. ಇಂಥದ್ದರಲ್ಲಿ ಬಟ್ಟೆ ವ್ಯಾಪಾರದ ಚನ್ನಬಸಪ್ಪ ಶೆಟ್ಟರ ಸೊಸೆಯ ಹೆರಿಗೆ ನನ್ನ ಕೈಯಲ್ಲಿ ಆಯಿತು. ಶೆಟ್ಟರು ವಯಸ್ಸಾದವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕುದುರೆಯ ಎರಡೂ ಪಕ್ಕಕ್ಕೆ ಬಟ್ಟೆ ಮೂಟೆ ಹೇರಿಕೊಂಡು ಚನ್ನರಾಯಪಟ್ಟಣದವರೆಗೂ ಸಂತೆ ಸುತ್ತಿದವರು. ಮಗ ಅಂಗಡಿ ಇಟ್ಟ ಮೇಲೆ ಸಂತೆ ಬಿಟ್ಟಿದ್ದರು, ಕುದುರೆ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿತ್ತು.

"ನಮ್ಮ ಬೂದೀನ ತಗೊಂಡೋಗಿ ನರ್ಸಮ್ಮ. ಸುಮ್ಕೆ ತಿಂದ್ಕೊಂಡು ಬಿದ್ದೈತೆ," ಅಂದರು.

ನಾನು ಹೂಂ ಅಂದುಬಿಟ್ಟೆ. ಕುದುರೆ ಮುಟ್ಟಿ ಕೂಡ ನೋಡಿದವಳಲ್ಲ. ಆದರೆ ಚಿಕ್ಕಂದಿನಿಂದ ನನಗೊಂದು ಚಾಳಿ, ಯಾವುದನ್ನು ಕಂಡರೂ ಇದು ಹೇಗೆ, ಯಾಕೆ ಅಂತ ಕೇಳದಿದ್ದರೆ ಅನ್ನ ಇಳಿಯುವುದಿಲ್ಲ. ನಮ್ಮವ್ವ ಬೈದು ಬೈದು ಸಾಕಾಗಿ ಬಿಟ್ಟಿದ್ದಳು.

ಮೊದಲ ತೊಂದರೆ ಬಟ್ಟೆಯದು. ಸೀರೆಯೊಳಗೆ ಹಾಕಿಕೊಳ್ಳಲು ಪೈಜಾಮ ಹೊಲಿಸಬೇಕಾಯಿತು. ಊರಿನ ದರ್ಜಿ ಅಳತೆ ತೆಗೆಯಲು ನಾಚಿ ಅಂಗಡಿ ಒಳಗೇ ಸೇರಿಕೊಂಡ. ಕೊನೆಗೆ ಶೆಟ್ಟರ ಹೆಂಡತಿ ಗೌರಮ್ಮನವರು ದಾರದಲ್ಲಿ ಗಂಟು ಹಾಕಿ ಅಳತೆ ತೆಗೆದುಕೊಟ್ಟರು. ಅವನು ಹೊಲಿದದ್ದರಲ್ಲಿ ಇಬ್ಬರು ಹೊಗಬಹುದಿತ್ತು. ಮೇಲೆ ಸೀರೆಯನ್ನು ನಾಟಿ ಮಾಡುವ ಹೆಂಗಸರ ಹಾಗೆ ಎತ್ತಿ ಸಿಕ್ಕಿಸಿಕೊಂಡೆ.

ಬೂದಿ ಸಾಧು ಕುದುರೆ. ಒಂದೇ ವಿಚಿತ್ರ, ರಸ್ತೆಯ ನಟ್ಟನಡುವೆಯೇ ನಡೆಯುತ್ತಿತ್ತು. ಎರಡು ಗೋಡೆಗಳ ಮಧ್ಯೆ ದಾರಿ ಕಿರಿದಾದರೆ ನಿಂತು, ಅಂದಾಜು ಮಾಡಿ, ಆಮೇಲೆ ನುಗ್ಗುತ್ತಿತ್ತು. ಯಾಕೆ ಅಂತ ಕೇಳಿದೆ. "ಮೂಟೆ ಗ್ವಾಡೆಗೆ ತಗಲ್ಬಾರ್ದು ಅಂತ ಕಣಮ್ಮ. ಅದಿನ್ನೂ ಎರಡೂ ಕಡೆ ಮೂಟೆ ಐತೆ ಅನ್ಕೊಂಡೈತೆ," ಅಂದರು ಶೆಟ್ಟರು. ನನಗೆ ಖುಷಿಯಾಯಿತು. ನನ್ನನ್ನೂ ಅದು ಮೂಟೆ ಅಂತಲೇ ತಿಳಿದಿರಬೇಕು.

ಶೆಟ್ಟರೂ ಹಾಗೇ ತಿಳಿದಿದ್ದರು. ಅವರು ಹೇಳಿಕೊಟ್ಟ ಪಾಠವೆಲ್ಲ ಹೇರಿನ ಪಾಠ. ಭಾರ ಮುಂದಕ್ಕೆ ಬರಬಾರದು, ಕುದುರೆಯ ಹೆಗಲು ಕಟ್ಟುತ್ತದೆ. ಹಿಂದಕ್ಕೂ ಹೋಗಬಾರದು, ಅದರ ಸೊಂಟ ಬೀಳುತ್ತದೆ. ಬಿಗಿಯಾಗಿ ಕಟ್ಟಿದ ಮೂಟೆ ಅಲ್ಲಾಡುವುದಿಲ್ಲ, ಸಡಿಲವಾದದ್ದು ಬೆನ್ನು ಗಾಯ ಮಾಡುತ್ತದೆ. ನಾನು ಮಂಡಿ ಎರಡನ್ನೂ ಬಿಗಿಹಿಡಿದು ಮೂಟೆಯ ಹಾಗೆ ಕೂತೆ. ನಿಧಾನಕ್ಕೆ ನಡೆದಾಗ ಸರಿ. ಸ್ವಲ್ಪ ಜೋರು ಮಾಡಿ ಕುಕ್ಕುಲೋಟಕ್ಕೆ ಬಂತೋ, ಒನಕೆಯಲ್ಲಿ ಕುಟ್ಟಿದ ಹಾಗೆ ನನ್ನನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ಮನೆಗೆ ಬಂದು ಗೋಡೆ ಹಿಡಿದುಕೊಂಡು ಕೂರಬೇಕಾಗಿತ್ತು.

"ಏರ್‌ಗೆ ನಡು ಇಲ್ಲ. ನಿಮಗೈತೆ. ಅದೇ ತೊಂದ್ರೆ," ಅಂದರು ಶೆಟ್ಟರು, ಹೇರಿನ ಬಗ್ಗೆ ಗೊತ್ತಿದ್ದದ್ದೆಲ್ಲ ಖಾಲಿಯಾದ ಮೇಲೆ.

ಕುಕ್ಕಿಸಿಕೊಳ್ಳುವುದನ್ನು ಹೇಗೋ ಸಹಿಸಬಹುದಿತ್ತು. ನನ್ನ ತಲೆ ತಿಂದದ್ದು ಇನ್ನೊಂದು. ಪ್ರತಿ ಸಲ ಹೊರಟಾಗ ಶೆಟ್ಟರು ಕೊಟ್ಟ ಜೀನು, ಅಂದರೆ ಕುದುರೆ ಬೆನ್ನ ಮೇಲಿನ ಚರ್ಮದ ಆಸನ, ನೆಟ್ಟಗಿರುತ್ತಿತ್ತು, ಊರು ದಾಟಿ ಕೆರೆ ಏರಿಗೆ ಬರುವ ಹೊತ್ತಿಗೆ ಎಡಕ್ಕೆ ಜಾರಿರುತ್ತಿತ್ತು. ಯಾವಾಗಲೂ ಎಡಕ್ಕೇ. ಒಂದು ದಿನವಾದರೂ ಬಲಕ್ಕೆ ಜಾರಬಾರದೇ? ಇಳಿದು, ಹೊಟ್ಟೆಯ ಪಟ್ಟಿ ಸಡಿಲಿಸಿ, ಸರಿ ಮಾಡಿ, ಬಿಗಿದು, ಮತ್ತೆ ಹತ್ತಲು ಒಂದು ಕಲ್ಲು ಹುಡುಕಬೇಕು. ಹೀಗೆ ಮಾಡುತ್ತಾ ಮಾಡುತ್ತಾ ನಡೆದುಕೊಂಡು ಹೋಗುವವರು ನನ್ನನ್ನು ದಾಟಿ ಹೋಗುತ್ತಿದ್ದರು. ಒಂದು ಸಲ ಕರೆಯಲು ಬಂದವನೇ, "ನರ್ಸಮ್ಮ, ನಾನು ಮುಂದಾಗಿ ಓಗಿ ಬತ್ತಾವ್ರೆ ಅಂತ ಯೋಳಿರ್ತೀನಿ," ಅಂತ ಓಡಿಹೋದ. ನಾನು ತಲುಪಿದಾಗ ಮಗು ಹುಟ್ಟಿ ಆಗಿತ್ತು. ಇಬ್ಬರೂ ಚೆನ್ನಾಗಿದ್ದರು, ಪುಣ್ಯ. ಆದರೆ ನನಗೆ ದಿಗಿಲು ಹತ್ತಿತು. ಡಾಕ್ಟರು ಬಂದು ಕೇಳಿದರೆ ಈ ಜನ ಏನು ಹೇಳುತ್ತಾರೆ? ಬತ್ತಾರೆ ಸಾ, ಆದ್ರೆ ಎಲ್ಲಾ ಮುಗಿದ್ ಮೇಲೆ ಬತ್ತಾರೆ ಅಂತ ತಾನೆ?

ಮೊದಲು ಜೀನಿನ ಮೇಲೆ ಅನುಮಾನ ಪಟ್ಟೆ. ಶೆಟ್ಟರನ್ನೇ ಹತ್ತಿಸಿ ಕೆರೆ ಏರಿಯವರೆಗೆ ಕಳಿಸಿದೆ. ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಬಂದರು, ಜೀನು ಕೂದಲೆಳೆಯಷ್ಟೂ ಕದಲಿರಲಿಲ್ಲ. ಕಾಲಿಡುವ ರಿಕಾಪು ಎರಡರಲ್ಲಿ ಒಂದು ಉದ್ದವಿರಬಹುದು ಅಂದುಕೊಂಡು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಎಡಕ್ಕೇ ಜಾರಿತು. ಕುದುರೆಯ ಬೆನ್ನು ಒಂದು ಕಡೆ ತಗ್ಗಿರಬೇಕು ಅಂತ ಗೌರಮ್ಮನವರೂ ನಾನೂ ಎರಡೂ ಪಕ್ಕ ಸವರಿ ಸವರಿ ನೋಡಿದೆವು. ಬೂದಿ ಹಿತವಾಗಿ ಕಣ್ಣು ಮುಚ್ಚಿತೇ ಹೊರತು ನಮಗೇನೂ ಸಿಗಲಿಲ್ಲ. ಔಷಧದ ಚೀಲ ನಾನು ನೇತುಹಾಕುತ್ತಿದ್ದದ್ದು ಬಲಕ್ಕೆ, ಅದರ ತಪ್ಪೂ ಅಲ್ಲ. ಉಳಿದದ್ದು ನಾನೊಬ್ಬಳೇ. ಆದರೆ ನನ್ನಲ್ಲಿ ಏನಿದೆ? ಕನ್ನಡಿಯಲ್ಲಿ ನೋಡಿಕೊಂಡರೆ ಎರಡು ಕೈ, ಎರಡು ಕಾಲು, ಎಲ್ಲ ಸಮವಾಗಿಯೇ ಇದ್ದವು.

ಶೆಟ್ಟರು ಒಂದು ಬೆಳಿಗ್ಗೆ ಗೋಣಿಚೀಲ ಹಿಡಿದು ನಗುತ್ತಾ ಬಂದರು. ಒಳಗೆ ಒಂದು ಒಳ್ಳೆ ಗುಂಡುಕಲ್ಲು. "ಎಡಕ್ಕೆ ತೂಕ ಜಾಸ್ತಿ ಆಯ್ತಾ, ಬಲಕ್ಕೆ ಕಲ್ಲು ಕಟ್ಟು. ಇದ್ರಲ್ಲೇನೈತೆ? ಸಂತೆಯಿಂದ ಬರ್ವಾಗ ಒಂದ್ ಕಡೆ ಮೂಟೆ ಖಾಲಿ ಆಗಿದ್ರೆ ನಾವು ಇಂಗೇ ಮಾಡ್ತಿದ್ದದ್ದು," ಅಂದರು. ಅವರು ಆಗಲೇ ಕಟ್ಟುತ್ತಿದ್ದರು. ಬೇಡ ಅನ್ನಲು ನನಗೂ ಮನಸ್ಸಾಗಲಿಲ್ಲ. ಏನಾಗುತ್ತದೋ ನೋಡೋಣ ಅನ್ನಿಸಿತು, ನೋಡಿದೆ.

ಕೆರೆ ಏರಿಯವರೆಗೆ ಜೀನು ಕದಲಲಿಲ್ಲ. ನಾನು ಮನಸ್ಸಿನಲ್ಲೇ ಶೆಟ್ಟರಿಗೆ ಕೈ ಮುಗಿದೆ. ಏರಿಯಿಂದ ಗದ್ದೆ ಬಯಲಿಗೆ ಇಳಿಯುವ ಜಾಗದಲ್ಲಿ ಕಲ್ಲು ತೂಗಾಡಿ ಬೂದಿಯ ಮುಂಗಾಲಿಗೆ ಬಡಿಯಿತು. ಅದು ಪಕ್ಕಕ್ಕೆ ಸರಿಯಿತು. ಕಲ್ಲು ಮತ್ತೆ ಬಡಿಯಿತು, ಅದು ಇನ್ನೂ ಸರಿಯಿತು. ಆಮೇಲೆ ಬೂದಿ ಬದುವಿನ ಮೇಲಿತ್ತು, ನಾನು ಗದ್ದೆಯೊಳಗಿದ್ದೆ.

ಅವತ್ತು ಆ ಗದ್ದೆಯಲ್ಲಿ ನಾಟಿ. ಸಾಲಾಗಿ ಬಗ್ಗಿದ್ದ ಹೆಂಗಸರೆಲ್ಲ ಎದ್ದು ನಿಂತರು. ಹಾಡು ನಿಂತುಹೋಯಿತು. ನಾನು ಕೆಸರು ಉಗಿದು, ಮುಖ ಒರೆಸಿಕೊಂಡು ನಿಂತೆ. "ಪೈರು ನೆಡಾಕೆ ಬಂದ್ರಾ ನರ್ಸಮ್ಮ?" ಅಂತ ಒಬ್ಬಳು ಕೇಳಿದಳು. ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಮೂಳೆ ಗೀಳೆ ಏನೂ ಮುರಿದಿರಲಿಲ್ಲ, ಕೆಸರು ಅಷ್ಟು ಆಳವಿತ್ತು.

ಅವರಲ್ಲಿ ಒಬ್ಬಳು, ಸಣ್ಣ ವಯಸ್ಸಿನವಳು, ಬದುವಿಗೆ ಹೋಗಿ ಬೂದಿಯ ಲಗಾಮು ಹಿಡಿದುಕೊಂಡಳು. ಅವಳು ನಿಂತಿದ್ದ ರೀತಿ ನನ್ನ ಕಣ್ಣಿಗೆ ಬಿತ್ತು. ಮೈ ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು, ಎಡ ಸೊಂಟವನ್ನು ಹೊರಕ್ಕೆ ದಬ್ಬಿ ನಿಂತಿದ್ದಳು. ಸೊಂಟದ ಮೇಲೆ ಮಗು ಕೂರಿಸಿಕೊಂಡವರು ನಿಲ್ಲುವುದೇ ಹಾಗೆ. ಆದರೆ ಅವಳ ಸೊಂಟದ ಮೇಲೆ ಏನೂ ಇರಲಿಲ್ಲ.

"ನಿನ್ನ ಮಗು ಎಲ್ಲಿ?" ಅಂತ ಕೇಳಿದೆ.

"ಅಲ್ಲಿ, ಉಣಸೆ ಮರದಡೀಲಿ ಮಲಗೈತೆ. ಯಾಕವ್ವ?"

"ಮತ್ಯಾಕೆ ಎತ್ತಿಕೊಂಡಿರೋ ಹಾಗೇ ನಿಂತಿದ್ದೀಯ?"

ಅವಳು ತನ್ನ ಸೊಂಟ ನೋಡಿಕೊಂಡಳು. ಆಮೇಲೆ ನನ್ನ ಸೊಂಟ ನೋಡಿದಳು. "ನೀವೂ ಅಂಗೇ ನಿಂತಿದ್ದೀರಲ್ಲ," ಅಂದಳು.

ನಾನು ತಲೆ ಬಗ್ಗಿಸಿ ನೋಡಿಕೊಂಡೆ. ಮಂಡಿವರೆಗೂ ಕೆಸರಿನಲ್ಲಿ, ಎಡಗಾಲಿನ ಮೇಲೆ ಭಾರ ಬಿಟ್ಟು, ಎಡ ಸೊಂಟವನ್ನು ಹೊರಕ್ಕೆ ಕೊಟ್ಟು ನಿಂತಿದ್ದೆ. ಜಯಿ ಹುಟ್ಟಿದಾಗಿನಿಂದ ಅವಳನ್ನು ಕೆಳಗೆ ಬಿಟ್ಟವಳಲ್ಲ ನಾನು. ಅವರಪ್ಪನಿಗೆ ಜ್ವರ ಬಂದಾಗ, ತೀರಿಹೋದಾಗ, ಜನ ಬಂದು ಹೋಗುತ್ತಿದ್ದಾಗ, ಒಲೆ ಮುಂದೆ, ಬಾವಿ ಹತ್ತಿರ, ಎಲ್ಲ ಕಡೆ ಅವಳು ಆ ಸೊಂಟದ ಮೇಲೆಯೇ ಇದ್ದಳು. ಅವಳನ್ನು ಅತ್ತೆಯ ಕೈಗೆ ಕೊಟ್ಟು ಬಂದು ವರ್ಷದ ಮೇಲಾಗಿತ್ತು, ಸೊಂಟ ಮಾತ್ರ ಇನ್ನೂ ಅವಳಿಗೆ ಜಾಗ ಬಿಟ್ಟುಕೊಂಡೇ ಇತ್ತು. ಕುದುರೆ ಮೇಲೂ ಹಾಗೇ ಕೂತಿದ್ದೇನೆ. ಜೀನು ಎಡಕ್ಕೆ ಜಾರದೆ ಇನ್ನೇನು ಮಾಡುತ್ತದೆ?

ಅಷ್ಟು ದಿನದ ಒಗಟು ಬಿಡಿಸಿದ ಖುಷಿಗೆ ಕುಣಿಯಬೇಕಿತ್ತು. ಅಳು ಬಂತು. ಗದ್ದೆ ಮಧ್ಯ ನಿಂತು ಅತ್ತುಬಿಟ್ಟೆ. ಹೆಂಗಸರು ಪೆಟ್ಟಾಗಿರಬೇಕು ಅಂದುಕೊಂಡು ಕೈ ಹಿಡಿದು ಬದುವಿಗೆ ಹತ್ತಿಸಿದರು. ನಾನೂ ಹೌದು ಅಂದೆ.

ಕಾರಣ ಗೊತ್ತಾದ ಮಾತ್ರಕ್ಕೆ ಮೈ ಕೇಳುತ್ತದೆಯೇ? ಕೂತಾಗ ನಮ್ಮ ಕೆಳಗೆ ಎರಡು ಮೂಳೆ ಒತ್ತುತ್ತವೆ, ಹಲಗೆ ಮೇಲೆ ಕೂತರೆ ಯಾರಿಗಾದರೂ ತಿಳಿಯುತ್ತದೆ. ಆ ಎರಡರ ಮೇಲೂ ಭಾರ ಸಮವಾಗಿ ಬೀಳಬೇಕು. ನಾನು ಸಮವಾಗಿ ಕೂತರೆ ಬಲಕ್ಕೆ ಉರುಳಿಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಮೈ ಸುಳ್ಳು ಹೇಳುತ್ತದೆ ಅಂತ ಆಗಲೇ ನನಗೆ ಗೊತ್ತಾದದ್ದು. ಅದಕ್ಕೆ ಶೆಟ್ಟರನ್ನು ಹಿಂದೆ ನಿಲ್ಲಿಸಿಕೊಂಡೆ. ಅವರ ಕಲ್ಲಿನ ಔಷಧಿ ತಪ್ಪಾಗಿರಬಹುದು, ಕಣ್ಣು ತಪ್ಪಲ್ಲ. ಹೇರು ಸಮವಾಗಿದೆಯೋ ಇಲ್ಲವೋ ಹಿಂದಿನಿಂದ ನೋಡಿಯೇ ಹೇಳಬಲ್ಲವರು. ಅವರಿಗೆ ಕಾರಣ ಹೇಳಿದೆ, ಮುಚ್ಚಿಡಲಿಲ್ಲ. ಅವರು ಬೂದಿಯ ಹೊಟ್ಟೆಯ ಪಟ್ಟಿಯನ್ನು ಇನ್ನೊಮ್ಮೆ ಬಿಗಿದರು. ಆಮೇಲೆ, "ಕೂರಿ ತಾಯಿ, ನೋಡಾವ," ಅಂದರು. ಅವತ್ತಿನಿಂದ ನನ್ನನ್ನು ನರ್ಸಮ್ಮ ಅನ್ನಲಿಲ್ಲ.

"ಇನ್ನೊಸಿ ಬಲಕ್ಕೆ. ಇನ್ನೊಸಿ. ಆಂ, ಈಗ ಸಮ."

"ಬೀಳ್ತೀನಿ ಅನ್ಸುತ್ತೆ ಶೆಟ್ಟರೆ."

"ಅನ್ನುಸ್ಲಿ ಬಿಡಿ."

ಸಮವಾಗಿ ಕೂತಾಗಲೆಲ್ಲ ಮಗುವನ್ನು ಎಲ್ಲೋ ಕೆಳಗೆ ಬಿಟ್ಟು ಬಂದ ಹಾಗೆ ಒಂದು ಸಂಕಟ. ಹುಚ್ಚು ಅನ್ನಿ. ಒಂದೆರಡು ಸಲ ಹಿಂದಿರುಗಿ ದಾರಿ ನೋಡಿದ್ದೂ ಉಂಟು. ಆದರೆ ಬಿಡದೆ ಕೂತೆ. ಮೂಟೆಯ ಹಾಗೆ ಬಿಗಿಯುವುದನ್ನೂ ಬಿಟ್ಟೆ. ರಾಗಿ ಬೀಸುವಾಗ ತಲೆ, ಬೆನ್ನು ನೆಟ್ಟಗಿರುತ್ತವೆ, ನಡು ಮಾತ್ರ ಕಲ್ಲಿನ ಜೊತೆ ಹೋಗಿ ಬರುತ್ತದಲ್ಲ, ಹಾಗೆ ಮಾಡಿ ನೋಡಿದರೆ ಕುದುರೆ ಕುಕ್ಕುವುದು ಅರ್ಧ ಕಡಿಮೆಯಾಯಿತು. ಮಂಡಿ ಸಡಿಲ ಬಿಟ್ಟು ಹಿಮ್ಮಡಿ ಕೆಳಕ್ಕೆ ಇಳಿಸಿದೆ. ಉಸಿರು ಕಟ್ಟಿದರೆ ನಡು ಮರದ ತುಂಡಾಗುತ್ತದೆ ಅಂತ ಗೊತ್ತಾಗಿ, ಬೀಸುವಾಗಿನ ಹಾಗೆ ಗುನುಗಲು ಶುರು ಮಾಡಿದೆ. ಒಂದು ದಿನ ಕೆರೆ ಏರಿ ದಾಟಿ, ಗದ್ದೆ ಬಯಲು ದಾಟಿ, ಆಚೆ ಊರಿನ ಬೇಲಿ ಬಂದಾಗ ನೋಡಿಕೊಂಡರೆ ಜೀನು ಇದ್ದಲ್ಲೇ ಇತ್ತು. ಮೈ ಎಲ್ಲೂ ನೋಯುತ್ತಿರಲಿಲ್ಲ. ಕುದುರೆ ಮೇಲಿದ್ದೇನೆ ಅನ್ನುವುದನ್ನೇ ಮರೆತು ದಾರಿಯುದ್ದಕ್ಕೂ ಏನೋ ಯೋಚನೆ ಮಾಡಿಕೊಂಡು ಬಂದಿದ್ದೆ.

ಆಮೇಲೆ ಕರೆಯಲು ಬಂದವರು ನನ್ನ ಹಿಂದೆ ಓಡಿ ಬರುವ ಹಾಗಾಯಿತು.

ಮಳೆ ಹಿಂದೆ ಸರಿದ ಮೇಲೆ ದೊಡ್ಡ ಡಾಕ್ಟರು ಹೇಳಿದ ಹಾಗೇ ಬಂದರು. ಅವರು ಬಂದಾಗ ಔಷಧಾಲಯಕ್ಕೆ ಬೀಗ. ನಾನು ದೂರದ ಊರಿನಲ್ಲಿ ಒಂದು ಕಷ್ಟದ ಹೆರಿಗೆಯಲ್ಲಿದ್ದೆ, ಮಗು ಅಡ್ಡ ತಿರುಗಿತ್ತು. ತಾಯಿ, ಮಗು ಇಬ್ಬರೂ ಉಳಿದ ಮೇಲೆ, ಸಂಜೆ ಬಿಸಿಲಿನಲ್ಲಿ ಬೂದಿಯನ್ನು ಕುಕ್ಕುಲೋಟದಲ್ಲಿ ಬಿಟ್ಟುಕೊಂಡು ಏರಿ ಮೇಲೆ ಬರುತ್ತಿದ್ದೇನೆ, ಔಷಧಾಲಯದ ಜಗಲಿ ಮೇಲೆ ಕೋಟು ಹಾಕಿಕೊಂಡ ಮನುಷ್ಯ ಕೂತಿರುವುದು ಕಂಡಿತು. ಕಾದು ಕಾದು ಅವರ ಮುಖ ಗಂಟಿಕ್ಕಿಕೊಂಡಿತ್ತು. ಇಳಿದು ನಮಸ್ಕಾರ ಮಾಡಿದೆ. ಅವರು ತಮ್ಮ ಕಾಲದಲ್ಲಿ ಕುದುರೆ ಮೇಲೇ ತಿರುಗಿದವರಂತೆ. ನನ್ನನ್ನು ಏನೂ ಕೇಳದೆ ನೆಟ್ಟಗೆ ಬೂದಿಯ ಹತ್ತಿರ ಹೋಗಿ, ಜೀನಿನ ಕೆಳಗೆ ಕೈ ತೂರಿಸಿ ಎರಡೂ ಕಡೆ ಬೆನ್ನು ಸವರಿದರು. ಎಲ್ಲೂ ಗಾಯವಿರಲಿಲ್ಲ.

"ಯಾರಮ್ಮ ಕಲಿಸಿದ್ದು?"

"ಬಟ್ಟೆ ಶೆಟ್ಟರು ಸಾರ್. ಕಲ್ಲು ಕಟ್ಟಿ."

ಅವರಿಗೆ ಅರ್ಥವಾಗಲಿಲ್ಲ. ಹೇಳಿದೆ. ಸೊಂಟದ ವಿಷಯವನ್ನೂ ಹೇಳಿದೆ. ವೈದ್ಯರ ಹತ್ತಿರ ಏನು ನಾಚಿಕೆ? ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. "ಮಗು ಎಲ್ಲಿದೆ ಈಗ?" ಅಂತ ಮಾತ್ರ ಕೇಳಿದರು. ದೀಪಾವಳಿಗೆ ಮುಂಚೆ ಕಾಯಂ ಆಯಿತು. ಔಷಧಾಲಯದ ಹಿಂದಿನ ಎರಡು ಕೋಣೆಯ ಹೆಂಚಿನ ಮನೆಯನ್ನು ನನಗೆ ಬಿಟ್ಟುಕೊಟ್ಟರು.

ಮಾರನೆಯ ವಾರವೇ ಹೊಳೆನರಸೀಪುರಕ್ಕೆ ಹೋದೆ. ಬೂದಿಯನ್ನು ಬೇವಿನ ಮರಕ್ಕೆ ಕಟ್ಟಿ ಒಳಗೆ ಹೋದರೆ ಜಯಿ ಅತ್ತೆಯ ಸೆರಗು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಜಡೆ ಹಾಕುವಷ್ಟು ಕೂದಲು ಬೆಳೆದಿತ್ತು. ಮಾವನವರು ಮಾತಿಗೆ ತಪ್ಪಲಿಲ್ಲ. "ಓಗವ್ವ, ನಿಮ್ಮವ್ವ ಬಂದವ್ಳೆ," ಅಂತ ಮೊಮ್ಮಗಳಿಗೆ ಹೇಳಿ ಮುಖ ತಿರುಗಿಸಿಕೊಂಡರು. ಅತ್ತೆ ಅವಳ ಬಟ್ಟೆ ಗಂಟು ಕಟ್ಟುತ್ತಾ ಕಟ್ಟುತ್ತಾ ಕಣ್ಣು ಒರೆಸಿಕೊಂಡರು.

ನಾನು ಬಗ್ಗಿ ಜಯಿಯನ್ನು ಎತ್ತಿ ಎಡ ಸೊಂಟಕ್ಕೆ ಹಾಕಿಕೊಂಡೆ. ಕೂರಲಿಲ್ಲ. ಜಾರಿದಳು. ಇನ್ನೊಂದು ಸಲ ಮೇಲಕ್ಕೆ ಎತ್ತಿಕೊಂಡೆ, ಮತ್ತೆ ಜಾರಿ ನನ್ನ ಮಂಡಿಯವರೆಗೆ ಇಳಿದಳು. ಮಳೆಗಾಲವೆಲ್ಲ ಒದ್ದಾಡಿ ನೆಟ್ಟಗೆ ಕೂರುವುದನ್ನು ಕಲಿತದ್ದು ಇವಳನ್ನು ಎತ್ತಿಕೊಳ್ಳುವುದಕ್ಕೆ. ಎತ್ತಿಕೊಂಡರೆ ಅವಳಿಗೆ ಕೂರಲು ಜಾಗವೇ ಇಲ್ಲ.

"ಇಳ್ಸು, ನಾನ್ ನಡೀತೀನಿ," ಅಂದಳು ಜಯಿ. ಅದು ಅವಳು ನನ್ನ ಹತ್ತಿರ ಆಡಿದ ಮೊದಲ ಪೂರ್ತಿ ಮಾತು.

ಇಳಿಸಲಿಲ್ಲ. ಅತ್ತೆ ಮಾವ ನೋಡುತ್ತಿದ್ದ ಹಾಗೆಯೇ ಬಾಗಿಲಲ್ಲಿ ನಿಂತು, ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು, ಸೊಂಟವನ್ನು ಬೇಕಂತಲೇ ಹೊರಕ್ಕೆ ದಬ್ಬಿದೆ. ಮೂಳೆ ಚುಳಕ್ಕೆಂದಿತು. ಅವಳು ಮೆಲ್ಲಗೆ ಮೇಲಕ್ಕೆ ಸರಿದು, ಕೂತು, ಒಂದು ಕೈಯನ್ನು ನನ್ನ ಬೆನ್ನ ಹಿಂದೆ ಹಾಕಿಕೊಂಡಳು.